ಚೆರ್ರಿ ಹೂವಿನ ಮುಹೂರ್ತ

ಕೆಮ್ಮಣ್ಣುಗುಂಡಿಯ ಚೆರ್ರಿ ತೋಪಿನಲ್ಲಿ ಪ್ರತಿ ಮರದ ಕಾಂಡದಲ್ಲೂ ತಾಯಿತದಷ್ಟೇ ಚಿಕ್ಕ ಯಂತ್ರವೊಂದು ಮಿನುಗುತ್ತಿತ್ತು. ಅದರ ಹೆಸರು ಅರಳುಸೂಚಕ. ಕೊಂಬೆಯೊಳಗೆ ರಸ ಏರುವುದನ್ನೂ ಮರ ಉಂಡ ಚಳಿ ಬಿಸಿಲನ್ನೂ ಅಳೆದು, ವಸಂತದ ಯಾವ ದಿನ ಯಾವ ಗಳಿಗೆಯಲ್ಲಿ ತೋಪು ಅರಳುತ್ತದೆ ಎಂದು ಅದು ತಿಂಗಳ ಮೊದಲೇ ಹೇಳುತ್ತಿತ್ತು. ಹೂವು ನೋಡಲು ರಜೆ ಹಾಕಿ ಬಂದು, ಬರೀ ಕೊಂಬೆ ನೋಡಿ ಹಿಂತಿರುಗುವ ಕಾಲ ಮುಗಿದಿತ್ತು.

ಅದನ್ನು ಕಂಡುಹಿಡಿದವಳು ಡಾ. ಶಶಿರೇಖಾ. ಅವಳ ಊರಾದ ಹೊಳಲ್ಕೆರೆಯಲ್ಲಿ ಈ ಮಾತು ಕೇಳದವರೇ ಇಲ್ಲ; ಮದುವೆ ಅಡಿಗೆ ಮಾಡುವ ಅವಳ ತಂದೆ ತಿಪ್ಪೇರುದ್ರಪ್ಪನವರು ಹುಳಿ ಬಡಿಸುವಾಗಲೂ ಅದನ್ನೇ ಹೇಳುತ್ತಿದ್ದರು.

ನಮ್ಮ ಜನ ಸುಮ್ಮನಿರುತ್ತಾರೆಯೇ? ಗಳಿಗೆ ಗೊತ್ತಾದ ಕೂಡಲೇ ಅದನ್ನೇ ಮುಹೂರ್ತ ಮಾಡಿಕೊಂಡು, ಹೂವರಳುವಾಗಲೇ ತಾಳಿ ಕಟ್ಟಿಸಬೇಕೆಂದು ತೋಪಿಗೆ ಮುಗಿಬಿದ್ದರು. ಮೊದಲ ಮದುವೆಯ ಅಡಿಗೆಯನ್ನು ತಿಪ್ಪೇರುದ್ರಪ್ಪನವರೇ ಮುಂದೆ ಬಿದ್ದು ಒಪ್ಪಿಕೊಂಡರು.

"ಅಪ್ಪಾಜಿ, ಹೂವು ನೋಡೋಕೆ ಕರೆದ್ರೆ ಒಲೆ ಹೊತ್ಕೊಂಡು ಬಂದಿದ್ದೀರಲ್ಲ," ಎಂದು ಶಶಿರೇಖಾ ಬೇಸರಪಟ್ಟಳು. "ನಾಳೆ ಅದು ಅರಳೋ ಹೊತ್ತಿಗೆ ನೀವು ಅನ್ನ ಬಸೀತಾ ಇರ್ತೀರಿ."

"ನನ್ನ ಮಗಳು ಇಟ್ಟ ಮುಹೂರ್ತಕ್ಕೆ ಬೇರೆಯವನು ಬಂದು ಅಡಿಗೆ ಮಾಡ್ತಾನೇನಮ್ಮ? ನೋಡಿದೋರು ಹೇಳ್ತಾರೆ ಬಿಡು, ಕೇಳ್ತೀನಿ."

ಹಾಗೆಂದರೂ ಅವರಿಗೆ ಒಳಗೊಳಗೇ ಸಂಕಟ. ಲೆಕ್ಕವಿಲ್ಲದಷ್ಟು ಮದುವೆಗಳಿಗೆ ಅಡಿಗೆ ಮಾಡಿದವರು ಒಂದು ತಾಳಿ ಕಟ್ಟುವುದನ್ನೂ ಕಂಡವರಲ್ಲ. ಮಗಳ ಮಾತಿನಂತೆ ಹೂವರಳುವುದನ್ನಾದರೂ ಕಣ್ಣಾರೆ ಕಾಣಬೇಕೆಂಬ ಆಸೆ ಬೆಟ್ಟದಷ್ಟಿತ್ತು.

ಅಂದು ಸಂಜೆ ಅವರು ಲಾಡಿಗೆ ಬೂಂದಿ ಕರಿಯುತ್ತಿದ್ದಾಗ, ಒಲೆಗಳ ಮೇಲೆ ಚಾಚಿದ್ದ ಮರದ ಅರಳುಸೂಚಕ ಇದ್ದಕ್ಕಿದ್ದಂತೆ ಗುಂಯ್ ಎಂದಿತು. ಶಶಿರೇಖಾ ಓಡಿಬಂದಳು. ಉಳಿದ ತೋಪು ಸುಮ್ಮನಿದ್ದರೂ ಆ ಮರದ ಮೊಗ್ಗುಗಳು ಒಂದೊಂದಾಗಿ ಬಿಚ್ಚಿಕೊಳ್ಳುತ್ತಿದ್ದವು.

"ಯಂತ್ರ ತಪ್ಪಿತೇನಮ್ಮ?" ಎಂದು ತಿಪ್ಪೇರುದ್ರಪ್ಪನವರು ಕೇಳಿದರು. ಬೂಂದಿ ಸೀಯುತ್ತದೆಂದು ಅವರು ಬಾಣಲೆಯಿಂದ ಕಣ್ಣು ತೆಗೆದಿರಲಿಲ್ಲ.

"ತಪ್ಪಿದ್ದು ನಾನು, ಅಪ್ಪಾಜಿ. ಚಳಿ ಲೆಕ್ಕ ಹಾಕಿದೆ, ಬಿಸಿಲು ಲೆಕ್ಕ ಹಾಕಿದೆ. ಬೆಳಗಿಂದ ಉರೀತಿರೋ ನಿಮ್ಮ ಒಲೆ ಕಾವನ್ನ ಲೆಕ್ಕಕ್ಕೇ ತಗೊಳ್ಳಲಿಲ್ಲ." ಅವಳು ಅವರ ಕೈಯಿಂದ ಜಾಲರಿ ಸೌಟು ಕಿತ್ತುಕೊಂಡಳು. "ಬೂಂದಿ ನಾನು ನೋಡ್ಕೋತೀನಿ. ನೀವು ತಲೆ ಎತ್ತಿ ಹೂವು ನೋಡಿ."

ಅವರು ತಲೆ ಎತ್ತಿದರು. ಇಡೀ ಮರ ಅರಳುವವರೆಗೂ ಇಳಿಸಲಿಲ್ಲ. ಸಂತೋಷಕ್ಕೆ ಕಣ್ಣು ತುಂಬಿ ಬಂತು.

ಮರುದಿನ ಉಳಿದ ತೋಪೆಲ್ಲ ಹೇಳಿದ ಗಳಿಗೆಗೇ ಅರಳಿತು. ಬಂದವರೆಲ್ಲ ಅರಳುಸೂಚಕವನ್ನು ಬಾಯಿತುಂಬ ಹೊಗಳಿದರು. ಊಟದ ಪಂಕ್ತಿಯಲ್ಲಿ ಮಾತ್ರ ಬೀಗರ ಕಡೆಯವರೊಬ್ಬರು ಲಾಡು ಮುರಿದು ಮೂಗು ಮುರಿದರು.

"ಏನ್ರಿ ರುದ್ರಪ್ಪನೋರೆ, ನಿಮ್ಮ ಕೈಯಲ್ಲೂ ಲಾಡು ಸೀಯುತ್ತಾ?"

ತಿಪ್ಪೇರುದ್ರಪ್ಪನವರು ಎದೆಯುಬ್ಬಿಸಿ ಅವರ ಎಲೆಗೆ ಇನ್ನೊಂದು ಲಾಡು ಹಾಕಿದರು.

"ನನ್ನ ಮಗಳು ಕರಿದದ್ದು ರೀ. ತಿನ್ನಿ."