ನೀರುನಾಯಿಗೆ ಹೇಳಿದ ಮಾತು

ಕಾಡಿನ ಕ್ಯಾಂಪಿಗೆ ಬಂದ ಮೊದಲ ದಿನವೇ ಅವಳು ಅಲ್ಲಿನ ಪ್ರಾಣಿಗಳ ಡಾಕ್ಟರನ್ನು ಅವನ ಎದುರಿಗೇ ಕೂತು ಬೈದಳು.

ತಪ್ಪು ಅವಳದೇನಲ್ಲ. ತಾಯಿಯನ್ನು ಕಳೆದುಕೊಂಡ ನೀರುನಾಯಿ ಮರಿಯೊಂದನ್ನು ಅಲ್ಲಿ ಸಾಕುತ್ತಿದ್ದರು. ಮುಂದೆ ಅದನ್ನು ಹೊಳೆಗೆ ಬಿಡಬೇಕು, ಮನುಷ್ಯರ ರೂಢಿ ಹತ್ತಬಾರದು. ಹಾಗಾಗಿ ಮರಿಯ ಬೇಲಿಯೊಳಗೆ ಕಾಲಿಡುವವರೆಲ್ಲ ಮಣ್ಣಿನ ಬಣ್ಣದ ಉದ್ದನೆಯ ನಿಲುವಂಗಿ ತೊಟ್ಟು, ಮುಖಕ್ಕೆ ಪರದೆ ಇಳಿಬಿಟ್ಟು, ತುಟಿ ಪಿಟಕ್ ಎನ್ನದೆ ಕೆಲಸ ಮಾಡಬೇಕು. ಅವಳು ಹಾಗೆ ಮರಿಗೆ ಹಾಲು ಕುಡಿಸುತ್ತಿದ್ದಾಗ ಅಂಥದೇ ಇನ್ನೊಂದು ನಿಲುವಂಗಿ ಒಳಗೆ ಬಂದು ಅವಳ ಕೈಯಿಂದ ಹಾಲಿನ ಬಾಟಲಿ ಕಿತ್ತುಕೊಂಡಿತು. ಹೀಗಲ್ಲ, ಹಾಗೆ ಎನ್ನುವಂತೆ ಅವಳ ಮಣಿಕಟ್ಟನ್ನೇ ತಿರುಗಿಸಿ ತೋರಿಸಿತು. ಕೊನೆಗೆ ಬಾಗಿಲತ್ತ ಬೆರಳು ಮಾಡಿ ಹೊರಗೆ ಕಳಿಸಿತು.

ಮಧ್ಯಾಹ್ನ ಊಟದ ಚಪ್ಪರದಲ್ಲಿ ಪಕ್ಕ ಕೂತ ಗಡ್ಡದವನ ಹತ್ತಿರ ಅವಳು ಎಲ್ಲ ತೋಡಿಕೊಂಡಳು. ಕೋಪವನ್ನು ಮೂಗಿನ ತುದಿಯಲ್ಲೇ ಇಟ್ಟುಕೊಂಡಿರುವ ಆ ಮಹಾನುಭಾವ ಯಾರು ಅಂತ ವಿಚಾರಿಸಿದಳು.

"ನಾನೇ," ಅಂದ ಗಡ್ಡದವನು, ತಟ್ಟೆಯಿಂದ ತಲೆ ಎತ್ತದೆ.

ಬಡಿಸುತ್ತಿದ್ದ ಅಡುಗೆ ಅಕ್ಕನಿಗೆ ನಗು ತಡೆಯಲಾಗಲಿಲ್ಲ. ಇವಳು ಅವತ್ತು ಅರ್ಧ ಹೊಟ್ಟೆಯಲ್ಲೇ ಎದ್ದುಹೋದಳು. ಗಡ್ಡದೊಳಗೂ ಒಂದು ನಗು ಸುಳಿದಿದ್ದು ಇವಳ ಕಣ್ಣಿಗೆ ಬೀಳಲಿಲ್ಲ.

ಮಾತೆಂದರೆ ಅವಳಿಗೆ ಊಟಕ್ಕಿಂತ ಹೆಚ್ಚು. ಮನೆಯಲ್ಲಿ ಅವಳ ಅಡ್ಡಹೆಸರು ರೇಡಿಯೊ. ಹಾಸಿಗೆ ಹಿಡಿದಿದ್ದ ಅಮ್ಮನ ಪಕ್ಕ ಕೂತು ವರ್ಷಗಟ್ಟಲೆ ಬೀದಿಯ ಸುದ್ದಿಯನ್ನೆಲ್ಲ ಓದಿ ಹೇಳಿದವಳು. ಅಮ್ಮ ಹೋದ ಮೇಲೆ ಅಣ್ಣನ ಮನೆ ಸೇರಿದಳು. ಅತ್ತಿಗೆ ಕೆಟ್ಟವಳಲ್ಲ, ಅಣ್ಣನೂ ಅಲ್ಲ. ಆದರೆ ಅವಳು ಬಾಯಿ ತೆರೆದರೆ ಯಾರೋ ಒಬ್ಬರು ಟಿವಿಯ ದನಿ ಏರಿಸುತ್ತಿದ್ದರು. ಇವಳೂ ಮಾತು ಕಡಿಮೆ ಮಾಡಿದಳು, ಕಡಿಮೆ ಮಾಡಿ ಮಾಡಿ ಒಂದು ದಿನ ತನ್ನ ದನಿ ತನಗೇ ಮರೆತಂತಾಯಿತು. ಕಾಡಿನ ಕ್ಯಾಂಪಿಗೆ ಸ್ವಯಂಸೇವಕರು ಬೇಕು ಅನ್ನುವುದನ್ನು ಎಲ್ಲೋ ನೋಡಿ ಹಿಂದೆಮುಂದೆ ನೋಡದೆ ಹೊರಟುಬಂದಳು.

ಇಲ್ಲಿ ಬಂದರೆ ಫೋನಿಗೆ ಸಿಗ್ನಲ್ ಇಲ್ಲ. ಉಳಿದ ನಾಲ್ಕಾರು ಜನ ಬೆಳಗಾದರೆ ಬೈನಾಕ್ಯುಲರ್ ನೇತುಹಾಕಿಕೊಂಡು ಒಂದೊಂದು ದಿಕ್ಕಿಗೆ ಹೋದರೆ ಬರುವುದು ಕತ್ತಲಾದ ಮೇಲೆ. ಡಾಕ್ಟರಂತೂ ಮಾತಾಡಿದರೆ ಎಲ್ಲಿ ಮುತ್ತು ಉದುರಿಬಿಡುತ್ತದೋ ಎನ್ನುವ ಹಾಗೆ ಬಾಯಿ ಬಿಗಿದುಕೊಂಡಿರುವ ಆಸಾಮಿ. ಗ್ಲೌಸ್ ತೊಳಿ, ಮೀನು ತಾ, ಸಾಕು. ದಿನಕ್ಕೆ ಅವಳ ಪಾಲಿಗೆ ಬರುತ್ತಿದ್ದದ್ದು ಅಷ್ಟೇ.

ಒಂದು ಸಂಜೆ ಮಳೆ ಹಿಡಿದುಕೊಂಡಿತ್ತು. ಹಾಲು ಕುಡಿದ ಮರಿ ಅವಳ ತೊಡೆಯ ಮೇಲೆ ಮಲಗಿ ನಿದ್ದೆಯಲ್ಲೇ ಕುಂಯ್ ಅಂದಿತು. ಆ ಸದ್ದಿಗೆ ಅವಳ ಕರುಳು ಚುರುಕ್ ಅಂತು. ಪರದೆ ಎತ್ತಿದಳು.

"ಏನೋ ಪುಟ್ಟಾ, ಅಮ್ಮನ ನೆನಪಾಯ್ತಾ? ನಂಗೂ ಆಗುತ್ತೆ ಕಣೋ."

ಮಾಡಬಾರದ ಕೆಲಸ ಅಂತ ಅವಳಿಗೆ ಚೆನ್ನಾಗಿ ಗೊತ್ತಿತ್ತು. ಆದರೆ ಕಟ್ಟೆ ಒಡೆದಿತ್ತು. ಅಂದಿನಿಂದ ಪ್ರತಿ ಸಂಜೆ ಅಮ್ಮನ ಕತೆ, ಅಣ್ಣನ ಮನೆಯ ಕತೆ, ತಾನಿರುವ ಗುಡಿಸಲಿನ ಸೂರು ಸೋರಿ ದಿಂಬು ಒದ್ದೆಯಾದ ಕತೆ, ಎಲ್ಲವನ್ನೂ ಮರಿಗೆ ಹೇಳತೊಡಗಿದಳು. ಮರಿ ಮೀಸೆ ಅಲ್ಲಾಡಿಸುತ್ತ ಕೇಳುತ್ತಿತ್ತು. ಟಿವಿ ಹಾಕುವ ಸೌಕರ್ಯ ಅದಕ್ಕಿರಲಿಲ್ಲ ನೋಡಿ.

ದಿಂಬಿನ ಕತೆ ಹೇಳಿದ ಮರುದಿನ ಅವಳು ಗುಡಿಸಲಿಗೆ ಬಂದರೆ ಸೂರಿಗೆ ಹೊಸ ತಗಡು ಬಿದ್ದಿತ್ತು. ಅಡುಗೆ ಅಕ್ಕನದೇ ಉಪಕಾರ ಇರಬೇಕು ಅಂದುಕೊಂಡಳು.

ಇನ್ನೊಂದು ಸಂಜೆ ಮರಿಯ ಕಿವಿಯಲ್ಲಿ, "ನಿಮ್ಮ ಡಾಕ್ಟರ್ ಕಣ್ಣು ಎಷ್ಟು ಚೆನ್ನಾಗಿದೆ ಗೊತ್ತಾ? ಆದ್ರೆ ಆ ಗಡ್ಡ ನೋಡಿದ್ರೆ ಯಾವುದಾದ್ರೂ ಹಕ್ಕಿ ಬಂದು ಮೊಟ್ಟೆ ಇಟ್ಟುಬಿಡುತ್ತೆ," ಅಂದಳು.

ಬೆಳಿಗ್ಗೆ ಡಾಕ್ಟರ್ ನುಣ್ಣಗೆ ಶೇವ್ ಮಾಡಿಕೊಂಡು, ಗಲ್ಲದ ಮೇಲೊಂದು ಗಾಯ ಮಾಡಿಕೊಂಡು ಚಪ್ಪರಕ್ಕೆ ಬಂದ. ಮದುವೆ ಏನಾದರೂ ಗೊತ್ತಾಯಿತಾ ಅಂತ ಅಡುಗೆ ಅಕ್ಕ ಕಾಲೆಳೆದಳು. ಅವನು ಇವಳತ್ತ ನೋಡಿದ. ಒಂದು ಗಳಿಗೆ ಹೆಚ್ಚೇ ನೋಡಿದ. ಇವಳು ಕಣ್ಣು ತಪ್ಪಿಸಲು ಹೋಗಿ ಬಿಸಿ ಚಹಾ ಗುಟುಕರಿಸಿ ನಾಲಿಗೆ ಸುಟ್ಟುಕೊಂಡಳು.

ಆಮೇಲೆ ಬೆಳಗಿನ ಹೊತ್ತು ಮರಿಗೆ ಮೀನು ಹಿಡಿಯಲು ಇಬ್ಬರೂ ಹೊಳೆಗಿಳಿಯುವುದು ರೂಢಿಯಾಯಿತು. ಬಲೆಯ ಒಂದು ತುದಿ ಅವನ ಕೈಲಿ, ಇನ್ನೊಂದು ಅವಳ ಕೈಲಿ. ಅವಳ ಕಾಲು ಪಾಚಿಯ ಮೇಲೆ ಜಾರಿದಾಗ ಅವನು ಬಲೆ ಬಿಟ್ಟು ಅವಳ ತೋಳು ಹಿಡಿದ. ಮೀನೆಲ್ಲ ಓಡಿಹೋದವು. ಅವನಿಗೆ ಅದರ ಪರಿವೆಯೇ ಇರಲಿಲ್ಲ.

"ಇನ್ನೊಂದು ವರ್ಷ ಇಲ್ಲೇ ಇರ್ತೀರಾ?" ಅಂತ ಕೇಳಿದ.

ಯೋಚಿಸಿ ಹೇಳುತ್ತೇನೆ ಅಂದಳು. ಯೋಚಿಸುವುದೇನೂ ಉಳಿದಿರಲಿಲ್ಲ. ಇಲ್ಲೇ ಇರುವುದು ಅಂತ ಮನಸ್ಸು ಆಗಲೇ ಗಂಟುಮೂಟೆ ಬಿಚ್ಚಿ ಕೂತಿತ್ತು. ಇಷ್ಟು ದಿನ ಎಲ್ಲಿದ್ದರೂ ಅತಿಥಿಯಂತಿದ್ದವಳಿಗೆ ಒಂದು ಜಾಗ ತನ್ನದು ಅನ್ನಿಸಿದ್ದು ಅದೇ ಮೊದಲು.

ಮಳೆ ನಿಂತ ಮೇಲೆ ಬೇಲಿಯ ಬಾಗಿಲು ತೆರೆದರು. ಮರಿ ಹೊಳೆಗೆ ಧುಮುಕಿ ಕಣ್ಮರೆಯಾಯಿತು. ಎಲ್ಲರಿಗೂ ಹಬ್ಬ. ಮರುದಿನ ಊಟದ ಹೊತ್ತಿನಲ್ಲಿ ಅಡುಗೆ ಅಕ್ಕ ಏನೋ ಹೇಳಿದಳು, ಇವಳು ಜೋರಾಗಿ ನಕ್ಕಳು. ಅಷ್ಟೇ. ಹೊಳೆಯ ಕಡೆಯಿಂದ ಮರಿ ನೀರು ಸುರಿಸುತ್ತ ಓಡಿಬಂದು, ಎಲ್ಲರ ಕಾಲು ದಾಟಿಕೊಂಡು, ಇವಳ ಪಾದದ ಮೇಲೆ ಹತ್ತಿ ಕೂತಿತು.

ಮರಿಗೆ ಅವಳ ದನಿ ಗೊತ್ತು ಅನ್ನುವುದು ಎಲ್ಲರಿಗೂ ತಿಳಿದುಹೋಯಿತು.

ಅಂದಿನಿಂದ ಅವಳು ಬಾಯಿಗೆ ಬೀಗ ಹಾಕಿಕೊಂಡಳು. ಚಪ್ಪರದಲ್ಲೂ ಸನ್ನೆ, ಅಡುಗೆ ಅಕ್ಕನ ಜೊತೆಗೂ ಸನ್ನೆ. ಪ್ರಯೋಜನವಾಗಲಿಲ್ಲ. ಮರಿ ಅವಳ ಗುಡಿಸಲಿನ ಮೆಟ್ಟಿಲ ಕೆಳಗೇ ಬೀಡುಬಿಟ್ಟಿತು. ಮೀನು ಹಿಡಿಯುವುದನ್ನು ಬಿಟ್ಟು ಸೊರಗಿತು. ಒಂದು ಬೆಳಿಗ್ಗೆ ಕಾಡಿನ ನೀರುನಾಯಿಗಳ ಹಿಂಡೊಂದು ಹೊಳೆಯಲ್ಲಿ ಸಿಳ್ಳೆ ಹಾಕುತ್ತ ಹಾದುಹೋಯಿತು. ಮರಿ ತಲೆ ಎತ್ತಿ ಆಲಿಸಿತು. ಆಮೇಲೆ ಅವಳ ಬಾಗಿಲನ್ನು ನೋಡುತ್ತ ಮತ್ತೆ ಮಲಗಿಬಿಟ್ಟಿತು. ಒಳಗೆ ಕಿಟಕಿಯ ಸಂದಿಯಿಂದ ನೋಡುತ್ತಿದ್ದ ಅವಳು ಹಿಂಬಾಗಿಲಿಂದ ಇಳಿದು ನೇರ ಡಾಕ್ಟರನ್ನು ಹುಡುಕಿಕೊಂಡು ಹೊರಟಳು.

ಡಾಕ್ಟರ್ ತನ್ನ ಕೋಣೆಯಲ್ಲಿ ಹಾಲಿನ ಬಾಟಲಿಗಳನ್ನು ತೊಳೆಯುತ್ತಿದ್ದ, ಇನ್ನು ಬೇಕಿಲ್ಲದ ಬಾಟಲಿಗಳು. ಅವಳು ಒಳಗೆ ಬಂದು ಬಾಗಿಲು ಹಾಕಿದಳು.

"ತಪ್ಪು ನನ್ನದು," ಅಂದಳು ಮೆಲ್ಲಗೆ. "ಅದರ ಹತ್ತಿರ ಮಾತಾಡ್ತಿದ್ದೆ."

"ಗೊತ್ತು. ಮೊದಲಿಂದಲೂ ಗೊತ್ತು." ಅವನು ನಲ್ಲಿ ನಿಲ್ಲಿಸಿದ. "ಬೇಲಿ ಆಚೆ ನಿಂತು ದಿನಾ ಕೇಳಿಸಿಕೊಳ್ತಿದ್ದೆ."

ಸೂರಿನ ತಗಡು, ಬೋಳಿಸಿದ ಗಡ್ಡ, ಎಲ್ಲ ಒಟ್ಟಿಗೆ ಅವಳ ಕಣ್ಮುಂದೆ ಬಂದವು. ಅವನ ಬಗ್ಗೆ ಮರಿಗೆ ಇನ್ನೂ ಏನೇನು ಹೇಳಿದ್ದೆ ಅಂತ ನೆನೆದು ಕಿವಿ ಬಿಸಿಯಾಯಿತು. ಅದರ ಬೆನ್ನಿಗೇ ಸಿಟ್ಟು ಬಂತು.

"ಮತ್ತೆ ಯಾಕೆ ತಡೀಲಿಲ್ಲ? ನಿಯಮ ಮಾಡಿದ್ದು ನೀವೇ ಅಲ್ವಾ?"

"ತಡೆದಿದ್ರೆ ಆ ದನಿ ನಿಂತುಹೋಗ್ತಿತ್ತು." ಅವನು ಅವಳ ಮುಖ ನೋಡದೆ ಹೇಳಿದ. "ಇಲ್ಲಿಗೆ ಬಂದು ಆರು ವರ್ಷ ಆಯ್ತು. ಸಂಜೆ ಆಗ್ಲಿ ಅಂತ ಕಾದಿದ್ದು ಈ ವರ್ಷ ಮಾತ್ರ. ಆ ಆಸೆಗೆ ಮರಿ ಬದುಕನ್ನ ಪಣಕ್ಕಿಟ್ಟೆ."

"ಬೇಲಿ ಈಚೆ ಬಂದು ನನ್ನ ಜೊತೇನೇ ಮಾತಾಡಬಹುದಿತ್ತು."

"ಬರಬೇಕಿತ್ತು," ಅಂದ. ನಲ್ಲಿ ತಿರುಗಿಸಿ, ತೊಳೆದ ಬಾಟಲಿಯನ್ನೇ ಮತ್ತೆ ತೊಳೆಯತೊಡಗಿದ.

ಇಬ್ಬರಲ್ಲಿ ಯಾರು ಹೋಗಬೇಕು ಅನ್ನುವುದನ್ನು ಯಾರೂ ಎತ್ತಿ ಆಡಬೇಕಿರಲಿಲ್ಲ. ಕೈಕಾಲು ಮುರಿದ ಪ್ರಾಣಿಗಳೆಲ್ಲ ಬಂದು ಬೀಳುವುದು ಅವನ ಮೇಜಿನ ಮೇಲೆ, ಸುತ್ತಮುತ್ತ ಬೇರೆ ಡಾಕ್ಟರಿಲ್ಲ. ಮರಿ ಹಚ್ಚಿಕೊಂಡಿರುವುದು ಇವಳನ್ನು. ನಾನು ಹೊರಡುತ್ತೇನೆ ಅಂತ ಅವಳೇ ಹೇಳಿದಳು. ಇರಿ ಅಂತ ಅವನು ಅನ್ನಲಿಲ್ಲ. ಅಂದಿದ್ದರೆ ಅವನ ಮೇಲಿನ ಗೌರವ ಹೋಗುತ್ತಿತ್ತು. ಅನ್ನದಿದ್ದಕ್ಕೆ ಅವಳ ಎದೆ ಒಡೆಯಿತು.

ಹೊರಡುವ ದಿನ ದೋಣಿಯಲ್ಲಿ ಮೂವರೇ. ಹುಟ್ಟು ಹಾಕಲು ಅಡುಗೆ ಅಕ್ಕನ ಗಂಡ, ಅವಳು, ಬಸ್ಸು ಸಿಗುವ ದಡ ಮುಟ್ಟಿಸಿ ಬರುತ್ತೇನೆಂದು ಹೊರಟ ಡಾಕ್ಟರ್. ಹೊಳೆಯ ಸೇತುವೆ ದಾಟುವವರೆಗೂ ಅವಳು ಸೊಲ್ಲೆತ್ತುವಂತಿಲ್ಲ. ಅಲ್ಲಿಯವರೆಗೂ ಮರಿಗೆ ಕೇಳಿಸುತ್ತದೆ.

ದೋಣಿ ನಡುನೀರಿಗೆ ಬರುವಷ್ಟರಲ್ಲಿ ಪಕ್ಕದಲ್ಲೇ ಮರಿಯ ತಲೆ ಎದ್ದಿತು. ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡಳು.

ಆಗ ಡಾಕ್ಟರ್ ಮಾತಾಡಲು ಶುರುಮಾಡಿದ. ಅವನ ದನಿ ಮರಿಗೆ ಲೆಕ್ಕಕ್ಕಿಲ್ಲ. ಮೊದಲ ದಿನ ಅವಳಿಂದ ಬೈಸಿಕೊಂಡು ಗಡ್ಡದೊಳಗೇ ನಕ್ಕಿದ್ದು, ಮೂರು ಸಲ ಮಾತಾಡಿಸಲು ಗುಡಿಸಲಿನ ತನಕ ಬಂದು ವಾಪಸ್ ಹೋಗಿದ್ದು, ಎಲ್ಲ ಹೇಳಿದ. ತಡವರಿಸಿದ, ಹೇಳಿದ್ದನ್ನೇ ಹೇಳಿದ. ಅವಳು ಉತ್ತರ ಕೊಡುವಂತಿಲ್ಲ ಅನ್ನುವ ಧೈರ್ಯವೂ ಇತ್ತೆನ್ನಿ.

"ಮುಂದಿನ ಮಳೆಗಾಲಕ್ಕೆ ಬೇರೆ ಡಾಕ್ಟರ್ ಬರ್ತಾರೆ," ಅಂದ. "ಅವರಿಗೆ ಎಲ್ಲ ಒಪ್ಪಿಸಿ ನಿಮ್ಮ ಅಣ್ಣನ ಮನೆಗೆ ಬರ್ತೀನಿ. ನಿಮ್ಮನ್ನ ಕೇಳೋಕೆ. ಅಲ್ಲಿವರೆಗೂ ಕಾಯ್ತೀರಾ?"

ಅವಳ ಕಣ್ಣಿಂದ ನೀರು ಇಳಿಯಿತು. ಬಾಯಿಯ ಮೇಲಿನ ಸೆರಗು ಸರಿಯಲಿಲ್ಲ. ಮರಿ ದೋಣಿಯ ಜೊತೆಗೇ ಈಜುತ್ತ, ಅವಳ ಮುಖ ನೋಡುತ್ತ, ಒಂದು ಕರೆಗೆ ಕಾಯುತ್ತಿತ್ತು. ಕರೆ ಬರಲಿಲ್ಲ. ಮರಿ ನಿಧಾನವಾಯಿತು. ನಿಂತಿತು. ಕೊನೆಗೆ ಬೆನ್ನು ತಿರುಗಿಸಿ ನೀರೊಳಗೆ ಮುಳುಗಿತು.

ದೋಣಿ ಸೇತುವೆ ದಾಟಿತು. ಇನ್ನು ಮಾತಾಡಬಹುದಮ್ಮ ಅಂದ ದೋಣಿಯವನು. ಅವಳು ಸೆರಗು ತೆಗೆದಳು. ಡಾಕ್ಟರ್ ಅವಳತ್ತ ತಿರುಗಿ ಕೂತ. ದಡ ಬಂತು, ದೂರದಲ್ಲಿ ಬಸ್ಸಿನ ಹಾರ್ನ್ ಕೇಳಿಸಿತು. ಅವಳು ಇಳಿದು ನಿಂತು, ಬಹಳ ದಿನದಿಂದ ಬಳಸದೆ ಒಡಕಾಗಿದ್ದ ದನಿಯಲ್ಲಿ ಹೇಳಿದಳು:

"ಕಾಯ್ತೀನಿ. ಆದ್ರೆ ಅಲ್ಲಿವರೆಗೂ ನಾನು ಯಾರ ಹತ್ರ ಮಾತಾಡ್ಲಿ?"

ಅವನೂ ದೋಣಿಯಿಂದ ಇಳಿದ. ಬಸ್ಸು ಬಂದು ನಿಲ್ಲುವವರೆಗೂ ಅವಳ ಕೈ ಹಿಡಿದುಕೊಂಡು ಅಲ್ಲೇ ನಿಂತಿದ್ದ.