ಬೇರೆ ಕೈ ತಾಗದ ಪುಸ್ತಕ

ಬ್ಯೂಟಿ ಪಾರ್ಲರ್ ನಡೆಸುವ ಹೆಂಗಸೊಬ್ಬಳ ಕಾದಂಬರಿಯನ್ನು ಸಂಪಾದಕ ಎರಡೇ ಪುಟ ಓದಿ ವಾಪಸು ಕಳಿಸಿದ್ದ. ಅವಳು ಅಳುತ್ತ ಕೂರಲಿಲ್ಲ. ತಾನೇ ಅಚ್ಚು ಹಾಕಿಸಿ, ತಾನೇ ಮಾರಿ, ಮರುಮುದ್ರಣಕ್ಕೂ ಕೊಟ್ಟಳು. ಪ್ರಕಾಶನದ ಯಜಮಾನರು ಆ ಪುಸ್ತಕವನ್ನು ಅವನ ಮೇಜಿನ ಮೇಲಿಟ್ಟು, "ಇದು ನೀವು ಬೇಡ ಅಂದಿದ್ದೇ ಅಲ್ವಾ?" ಎಂದಷ್ಟೇ ಕೇಳಿ ಹೋದರು. ಅವನಿಗೆ ಮೈಯೆಲ್ಲ ಉರಿಯಿತು.

ತಾವೇ ಬರೆದು, ತಾವೇ ಅಚ್ಚು ಹಾಕಿ, ತಮ್ಮ ಬೆನ್ನು ತಾವೇ ತಟ್ಟಿಕೊಳ್ಳುವ ಈ ಜನರನ್ನು ಕಂಡರೆ ಅವನಿಗೆ ಆಗುತ್ತಿರಲಿಲ್ಲ. ವಾಕ್ಯಕ್ಕೆ ತಲೆಬುಡ ಇರುವುದಿಲ್ಲ, ಪುಸ್ತಕದ ಹಿಂಬದಿಯಲ್ಲಿ ಮಾತ್ರ ಹಲ್ಲು ಕಿರಿಯುವ ಫೋಟೋ. ತಾನೊಂದು ಬರೆದರೆ ಇವರೆಲ್ಲ ಬಾಯಿ ಮುಚ್ಚುತ್ತಾರೆ ಎಂದು ಹೇಳುತ್ತಲೇ ಅವನ ತಲೆ ನರೆತಿತ್ತು. ಬರೆಯಲು ಕೂತರೆ ಒಂದು ಪುಟ ದಾಟುತ್ತಿರಲಿಲ್ಲ. ಇದನ್ನು ಅವನು ಯಾರಿಗೂ ಹೇಳಿರಲಿಲ್ಲ, ಹೆಂಡತಿಗೆ ಹೇಳದೆಯೂ ಗೊತ್ತಿತ್ತು.

ಆಗ ಬಂದವನು ಟ್ಯಾಕ್ಸಿ ಓಡಿಸುತ್ತಿದ್ದ ಮುದುಕ. ಉಬ್ಬಸ, ಕಂಕುಳಲ್ಲಿ ಕೈಬರಹದ ಕಟ್ಟು. "ಓದಿ ನೋಡಿ ಸಾರ್. ಮನೆಯವ್ರಿಗೂ ತೋರಿಸಿಲ್ಲ" ಎಂದ. ಸ್ಟೇರಿಂಗ್ ಹಿಡಿಯುವವನಿಗೂ ಸಾಹಿತ್ಯದ ತೆವಲು ಎಂದು ನಗುತ್ತ ಓದಲು ಕೂತ ಸಂಪಾದಕ ಊಟಕ್ಕೂ ಏಳಲಿಲ್ಲ. ಹಿಂದಿನ ಸೀಟಿನಲ್ಲಿ ಕೂತು ಹೀಯಾಳಿಸಿದ ಪ್ರಯಾಣಿಕನನ್ನು ಚಾಲಕನೊಬ್ಬ ಕೊಂದು, ಪಾಳುಬಾವಿಗೆ ಹಾಕಿ ದಕ್ಕಿಸಿಕೊಂಡ ಕತೆ. ಓದುವವನ ಕೈ ಬೆವರುವಂತಿತ್ತು. ದೇವರು ಕೊಡುವಾಗ ಕಣ್ಣು ಮುಚ್ಚಿ ಕೊಡುತ್ತಾನೆ ಎಂದು ಅವನು ಹೊಟ್ಟೆ ಉರಿದುಕೊಂಡ.

ತಿಂಗಳೊಳಗೆ ಮುದುಕ ತೀರಿಕೊಂಡ. ಸಂಪಾದಕ ಮುಖ ಇಳಿಬಿಟ್ಟುಕೊಂಡು ಅವನ ಮನೆಯವರನ್ನು ಮಾತಾಡಿಸಲು ಹೋಗಿ, ಏನಾದರೂ ಬರೆಯುತ್ತಿದ್ದರಾ ಎಂದು ಮೆಲ್ಲಗೆ ಕೆದಕಿದ.

"ಅವರಾ? ಸಹಿ ಹಾಕೋಕೇ ಬೇಜಾರು ಪಟ್ಕೋತಿದ್ರು ಅಣ್ಣಾ" ಎಂದಳು ಮುದುಕನ ಹೆಂಡತಿ. ಅಣ್ಣನಿಗೆ ಹಾಲು ಕುಡಿದಷ್ಟು ಸಂತೋಷವಾಯಿತು.

ಪೂರ್ತಿ ಕತೆಯನ್ನು ತನ್ನ ಅಕ್ಷರದಲ್ಲಿ ಬರೆದು, ಅಲ್ಲಲ್ಲಿ ಹೊಡೆದು ಹಾಕಿ, ಚಹಾ ಲೋಟದ ಗುರುತನ್ನೂ ಮೂಡಿಸಿದ. ಮುದುಕನ ಕಟ್ಟನ್ನು ಸುಟ್ಟು ಬೂದಿಯನ್ನು ಮೋರಿಗೆ ಚೆಲ್ಲಿದ. ಆದರೆ ತಿದ್ದದೆ ಬಿಟ್ಟರೆ ಅವನು ಸಂಪಾದಕನೇ ಅಲ್ಲ. ಬೈದದ್ದಕ್ಕೆಲ್ಲ ಯಾರಾದರೂ ಕೊಲೆ ಮಾಡುತ್ತಾರೆಯೇ? ಚಾಲಕ ಹೋಗಿ ಕಚೇರಿಯ ಸಹಾಯಕನಾದ, ಪ್ರಯಾಣಿಕ ಅವನ ಮೇಲಧಿಕಾರಿಯಾದ, ಕೊಲೆ ಮೇಲಿನವನ ಕುರ್ಚಿಗಾಗಿ ಎಂದಾಯಿತು. ಈಗ ಕತೆಗೆ ಮಾನ ಬಂತು ಅನ್ನಿಸಿತು.

ಇನ್ನು ಅಚ್ಚು. ತನ್ನ ಪ್ರಕಾಶನಕ್ಕೆ ಕೊಟ್ಟರೆ ಕರಡು ನೋಡುವವರು, ಯಜಮಾನರು, ಅವರ ಮಗಳು, ಎಲ್ಲರೂ ಮೂಗು ತೂರಿಸುತ್ತಾರೆ. ಜೀವನವಿಡೀ ಉಗಿದಿದ್ದ ದಾರಿಯನ್ನೇ ಹಿಡಿದು ತಾನೇ ಅಚ್ಚು ಹಾಕಿಸಿದ.

"ಇದೆಲ್ಲ ಯಾವಾಗ ಬರೆದ್ರಿ ನೀವು?" ಎಂದಳು ಹೆಂಡತಿ.

"ನೀನು ಧಾರಾವಾಹಿ ನೋಡ್ತಿದ್ದಾಗ" ಎಂದ.

ಪುಸ್ತಕ ಕೈಗೆ ಸಿಗದಂತೆ ಖರ್ಚಾಯಿತು. ಬ್ಯೂಟಿ ಪಾರ್ಲರಿನವಳೂ ಬಂದು ಸಹಿ ಹಾಕಿಸಿಕೊಂಡು ಹೋದಳು. ಹೋದಲ್ಲೆಲ್ಲ ಅವನು ಹಸ್ತಪ್ರತಿಯನ್ನು ಎತ್ತಿ ತೋರಿಸುತ್ತಿದ್ದ. "ಇದಕ್ಕೆ ಬೇರೆಯವರ ಕೈ ತಾಗಿಲ್ಲ. ಯಾರೂ ಹೇಳಿದ್ದಲ್ಲ, ಎಲ್ಲೂ ಕೇಳಿದ್ದಲ್ಲ. ಎಷ್ಟೋ ವರ್ಷದಿಂದ ನನ್ನೆದೆಯಲ್ಲಿ ಸುಡ್ತಿದ್ದ ಕತೆ." ಜನ ಚಪ್ಪಾಳೆ ತಟ್ಟುತ್ತಿದ್ದರು.

ಒಂದು ಬೆಳಿಗ್ಗೆ ಇನ್ಸ್‌ಪೆಕ್ಟರ್ ಅದೇ ಪುಸ್ತಕ ಹಿಡಿದು ಮನೆಗೆ ಬಂದರು. ಸಹಿಗೆ ಬಂದಿದ್ದಾರೆಂದು ಸಂಪಾದಕ ಪೆನ್ನು ತೆಗೆದ. ಅವರು ಮಡಚಿದ್ದ ಪುಟವೊಂದನ್ನು ಬಿಡಿಸಿದರು. "ಹೆದ್ದಾರಿ ಪಕ್ಕದ ಪಾಳುಬಾವಿ, ಮೇಲೆ ಗಾಡಿಗಟ್ಟಲೆ ಕಲ್ಲು, ಎಡಗಾಲಿಗೆ ಮಾತ್ರ ಬೂಟು. ರಸ್ತೆ ಅಗಲ ಮಾಡೋವಾಗ ಹೆಣ ಹೀಗೇ ಸಿಕ್ತು ಸಾರ್, ಬರೀ ಮೂಳೆ." ಅದು ಕಲ್ಪನೆ, ಅಲ್ಲ, ಒಬ್ಬ ಟ್ಯಾಕ್ಸಿಯವನು ಬರೆದದ್ದು ಎಂದು ಸಂಪಾದಕ ತೊದಲಿದ. ಇನ್ಸ್‌ಪೆಕ್ಟರ್ ಮೇಜಿನ ಮೇಲಿದ್ದ ಅವನ ಕೈಬರಹದ ಕಟ್ಟನ್ನು ಎತ್ತಿಕೊಂಡರು. "ಕೈಗಡಿಯಾರದ ಹಿಂದೆ ಹೆಸರು ಕೆತ್ತಿತ್ತು, ಗುರುತು ಸಿಕ್ತು. ನಿಮಗಿಂತ ಮುಂಚೆ ಪ್ರಕಾಶನದಲ್ಲಿ ಸಂಪಾದಕರಾಗಿದ್ರಲ್ಲ, ಹೆಂಡ್ತಿ ಮಕ್ಕಳನ್ನ ಬಿಟ್ಟು ಓಡಿಹೋದ್ರು ಅಂತ ಊರೆಲ್ಲ ಆಡ್ಕೊಂಡಿತ್ತಲ್ಲ, ಅವರೇ. ಆಗ ನೀವು ಅವರ ಸಹಾಯಕರಾಗಿದ್ರಂತೆ."