ಉಣ್ಣದೆ ಉಳಿದ ಎಲೆ

ಮಹಾಲಯ ಅಮಾವಾಸ್ಯೆಯ ಮಾರನೆ ದಿನ ಬೆಳಿಗ್ಗೆ ಹತ್ತೂವರೆಗೆ ಆಂಜಿನಪ್ಪ ಜಿಗಣಿ ಠಾಣೆಗೆ ಬಂದರು. ಹಳೇ ಮನೆಯ ಬೀಗ ಒಡೆದಿದೆ, ಬಾಗಿಲಿಗೆ ಬೇರೆ ಬೀಗ ಬಿದ್ದಿದೆ ಎಂದು ದೂರು ಕೊಟ್ಟರು.

"ನನ್ ತಮ್ಮ ರಾಜೇಂದ್ರಂದೇ ಕೆಲ್ಸ ಮೇಡಂ. ಮನೆ ಪಾಲಿನ ಕೇಸ್ ನಡೀತೈತೆ, ಒಳಗೆ ಕಾಲಿಡಬೇಡ ಅಂತ ಅವ್ನಿಗೆ ಕೋರ್ಟ್ ಆರ್ಡರ್ ಐತೆ. ಸ್ವಾಧೀನ ಮಾಡ್ಕಳಕ್ಕೆ ಬಂದವ್ನೆ."

ಇನ್‌ಸ್ಪೆಕ್ಟರ್ ಶೋಭಾರಾಣಿ ಎಫ್‌ಐಆರ್ ಮಾಡಿಸಿ ಸ್ಥಳಕ್ಕೆ ಹೋದರು. ಇಬ್ಬರು ಪಂಚರ ಎದುರು ಕಾನ್‌ಸ್ಟೆಬಲ್ ಗುರುರಾಜ್ ಹೊಸ ಬೀಗ ಒಡೆದ. ಆಂಜಿನಪ್ಪ ಒಳಗೆ ಬರಲಿಲ್ಲ, ಬೀದಿಯಲ್ಲೇ ನಿಂತರು.

ಕಳುವಾದದ್ದು ಏನೂ ಇರಲಿಲ್ಲ. ತಾಯಿ ವೆಂಕಟಮ್ಮನ ಫೋಟೋ ಮುಂದೆ ಎಡೆ ಇಟ್ಟಿತ್ತು: ಮುದ್ದೆ, ಕೋಳಿಸಾರು, ಪಕ್ಕದಲ್ಲಿ ಒಂದು ಚಿಟಿಕೆ ಹೊಗೆಸೊಪ್ಪಿನ ಕಡ್ಡಿಪುಡಿ. ಅಡುಗೆಮನೆಯಲ್ಲಿ ಇನ್ನೆರಡು ಎಲೆ. ಒಂದು ಉಂಡು ಮಡಚಿದ್ದು. ಇನ್ನೊಂದಕ್ಕೆ ಬಡಿಸಿದ್ದು ಬಡಿಸಿದ ಹಾಗೇ ಇತ್ತು, ಇರುವೆ ಮುತ್ತಿತ್ತು. ಪಂಚನಾಮೆಯಲ್ಲಿ ಎಲ್ಲ ಬರೆದರು.

ಎದುರು ಮನೆಯ ಶ್ಯಾಮಲಾ ಗುರುರಾಜ್‌ಗೆ ಹೇಳಿದಳು: "ನಿನ್ನೆ ರಾಜೇಂದ್ರ ಬಾಗ್ಲು ಮುಚ್ಕಂಡು ಜಗಲಿ ಮೇಲೆ ಕೂತಿದ್ದ ಸಾರ್. ಎಡೆ ಇಕ್ಕಿದ್ಮೇಲೆ ಹಿರೀಕ್ರು ಉಣ್ಲಿ ಅಂತ ಹೊರಗೆ ಕೂರಲ್ವಾ, ಅಂಗೆ. ಹೋಗ್ತಾ ಹೊಸ ಬೀಗದ ಕೀ ಕೊಟ್ಟು, ಅಣ್ಣಂಗೆ ಕೊಡಕ್ಕಾ ಅಂದ. ಕೋರ್ಟು ಕೇಸು ನಂಗ್ಯಾಕೆ ಅಂತ ಸಾಸ್ವೆ ಡಬ್ಬಿಗೆ ಹಾಕ್ಬಿಟ್ಟೆ."

"ಬೀಗ ಒಡೆದ್ಮೇಲೆ ಹೇಳ್ತೀಯಲ್ಲಕ್ಕಾ!" ಅಂದ ಗುರುರಾಜ್.

ಮಧ್ಯಾಹ್ನ ಶಿಫ್ಟ್ ಬಿಡುವಾಗ ಕಾರ್ಖಾನೆ ಗೇಟಿನಲ್ಲಿ ರಾಜೇಂದ್ರನನ್ನು ಬಂಧಿಸಿದರು. ಓಡಲಿಲ್ಲ.

"ಬೀಗ ಒಡೆದಿದ್ದು ನೀನೇನಾ?"

"ಹೂ ಮೇಡಂ."

"ಕೋರ್ಟ್ ಆರ್ಡರ್ ಗೊತ್ತಿತ್ತಾ?"

"ಗೊತ್ತಿತ್ತು. ಒಳಗೋದ್ರೆ ಮನೆ ಕೈ ಬಿಡ್ತದೆ ಅಂತ ಲಾಯರ್ರೂ ಹೇಳಿದ್ರು."

"ಮತ್ಯಾಕೆ ಹೋದೆ?"

"ನಾನಿರೋ ರೂಮಲ್ಲಿ ಬಾಡು ಬೇಯಿಸಂಗಿಲ್ಲ. ಕೋಳಿ ಇಲ್ದೆ ಅವ್ವಂಗೆ ಎಡೆ ಇಕ್ಕಕ್ಕಾಯ್ತದಾ? ಬೇರೆ ಕಡೆ ಇಕ್ಕಿದ್ರೂ, ಸತ್ತೋರಿಗೆ ಬಾಡಿಗೆ ರೂಮಿನ ದಾರಿ ಗೊತ್ತಿರಲ್ಲ ಮೇಡಂ."

"ಆ ಇನ್ನೊಂದು ಎಲೆ ಯಾರಿಗೆ?"

"ಅಣ್ಣಂಗೆ ಫೋನ್ ಮಾಡಿದ್ದೆ. ಎತ್ತಲಿಲ್ಲ. ಬಂದ್ರೂ ಬಂದಾನು ಅಂತ ಬಡಿಸ್ದೆ."

ಸಂಜೆ ಹೇಳಿಕೆಗೆ ರುಜು ಹಾಕಲು ಆಂಜಿನಪ್ಪ ಬಂದರು. ಗುರುರಾಜ್ ಪಂಚನಾಮೆ ಓದಿ ಹೇಳಿದ. ಅವರು ಒಂದೇ ಮಾತು ಕೇಳಿದರು.

"ಕೋಳಿದು ಕಂದನಕಾಯಿ ಯಾವ ಎಲೇಲಿತ್ತು?"

"ಉಣ್ಣದೆ ಬಿಟ್ಟಿದ್ರಲ್ಲ, ಅದ್ರಲ್ಲಿ. ಯಾಕೆ?"

"ಒಂದು ಕೋಳಿಗೆ ಆ ತುಂಡು ಒಂದೇ ಅಲ್ವಾ ಸಾರ್ ಇರೋದು. ಚಿಕ್ಕೋರಿದ್ದಾಗ ಅದಕ್ಕೇ ಹೊಡೆದಾಡ್ತಿದ್ವಿ."

ರುಜು ಹಾಕಿದರು. ಮನೆಗೆ ಹೋಗಲಿಲ್ಲ. ತಮ್ಮ ಒಳಗೆ ಲಾಕಪ್ಪಿನಲ್ಲಿದ್ದ. ಒಳಗಿರುವವರು ಉಣ್ಣಲಿ ಎಂದು ಬಾಗಿಲ ಹೊರಗೆ ಕಾಯುವವರ ಹಾಗೆ, ಕತ್ತಲಾದರೂ ಠಾಣೆಯ ಮೆಟ್ಟಿಲ ಮೇಲೆ ಕೂತೇ ಇದ್ದರು.